ಜ್ವರವಿಲ್ಲದ ಗೋಡೆ

ಯಾರ ಮನೆಗೆ ಹೋದರೂ ಚಿತ್ತಮ್ಮ, ಕೊಟ್ಟ ನೀರನ್ನು ಕುಡಿಯುವ ಮೊದಲೇ, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಕೈಯ ಹಿಂಬದಿಯನ್ನು ಗೋಡೆಗೆ ಒತ್ತಿ ನೋಡುತ್ತಾರೆ. ಚಳ್ಳಕೆರೆಯ ನನ್ನ ಹೊಸ ಮನೆಯ ಗೃಹಪ್ರವೇಶಕ್ಕೆ, ನನ್ನ ಹೆಂಡತಿ ನೇಯಲು ಹೇಳಿದ್ದ ಸೀರೆ ಹಿಡಿದು ಮೊಳಕಾಲ್ಮೂರಿನಿಂದ ಬಂದವರು, ತುಂಬಿದ ನಡುಮನೆಯಲ್ಲಿ ಗೋಡೆ ಮುಟ್ಟಿ, "ಮೇಷ್ಟ್ರೇ, ಇದಕ್ಕೆ ಜ್ವರ ಐತಲ್ರೀ" ಎಂದುಬಿಟ್ಟರು. ಫ್ಯಾನುಗಳು ಭರದಿಂದ ತಿರುಗುತ್ತಿದ್ದವು, ನೆಂಟರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು.

ಗಿಡ್ಡ ಆಳು, ಸೀರೆಯ ಮೇಲೆ ಸದಾ ಗಂಡನ ಹಳೆಯ ತುಂಬುತೋಳಿನ ಅಂಗಿ, ಹಿಮ್ಮಡಿ ಊರಿ ನೆಲವನ್ನೇ ಗಟ್ಟಿಮಾಡುತ್ತ ಹೋಗುವಂಥ ನಡಿಗೆ. ಎದುರಿನವರು ಗಂಟಲು ಹರಿದುಕೊಂಡು ವಾದಿಸಿ ಮುಗಿಸಿದ ಮೇಲೆ, ಶಾಂತವಾಗಿ "ಆಯ್ತು, ಇನ್ನೇನೈತೆ?" ಎಂದು ಕೇಳುವುದು ಅವರ ವಾಡಿಕೆ. ಅದನ್ನು ಸೋಲೊಪ್ಪಿಗೆಯೆಂದು ಭಾವಿಸಿದವರೆಲ್ಲ ಕೆಟ್ಟರು.

ಹಳೆಯ ಮನೆ ಕುಸಿದಾಗ ಅವರು ಬಾಡಿಗೆಗೆ ಹಿಡಿದದ್ದು ಆರ್‌ಸಿಸಿ ಮನೆ. ಬೇಸಿಗೆಯಲ್ಲಿ ಆ ಕಾದ ತಾರಸಿಯ ಕೆಳಗೆ ಮಗ್ಗದ ರೇಷ್ಮೆ ಎಳೆಗಳು ಒಣಗಿ ಪಟಪಟನೆ ಕಡಿಯುತ್ತಿದ್ದವು. ಫ್ಯಾನು ಹಾಕಿದರೆ ಇನ್ನೂ ಒಣಗುತ್ತಿದ್ದವು. ಗಂಟು ಹಾಕಿ ಹಾಕಿ ಬೇಸತ್ತ ಗಂಡ ನಾಗರಾಜಪ್ಪ, ಮಗ್ಗ ಮಾರಿ, ರಾಂಪುರದಲ್ಲಿ ತಮ್ಮ ಕೃಷ್ಣಕುಮಾರ ಇಟ್ಟಿರುವ ಸಿಮೆಂಟಿನ ಅಂಗಡಿಯಲ್ಲಿ ಕೂರುವುದೆಂದು ತೀರ್ಮಾನಿಸಿದರು. ಚಿತ್ತಮ್ಮ ಕೆರಳಿದ್ದು ಆಗ.

"ಮೂಟೆ ಎಣಿಸೋ ಕೈಯಲ್ಲ ಅದು. ಮಗ್ಗ ಉಳಿಯೋ ಅಂಥ ಮನೆ ನಾನು ಕಟ್ತೀನಿ."

ಕಟ್ಟಿಯೇಬಿಟ್ಟರು. ದಪ್ಪ ಮಣ್ಣಿನ ಗೋಡೆ, ಬೇವಿನ ತೊಲೆಗಳ ಮೇಲೆ, ನೀರಿಳಿಯಗೊಡದ ಚವುಳು ಮಣ್ಣಾದ ಕರಲನ್ನು ಹಾಸಿದ ಮಾಳಿಗೆ, ಬೆಳಕಿಗೆ ಗವಾಕ್ಷಿ, ದೀಪಕ್ಕೆ ಸೋಲಾರ್, ನೆಲದ ತಂಪು ಎಳೆಗಳಿಗೆ ತಾಗಲೆಂದು ಮಗ್ಗಕ್ಕೆ ನೆಲದಲ್ಲೇ ಗುಂಡಿ. ಫ್ಯಾನಿಗೆ ಕೊಂಡಿಯನ್ನೇ ಇಡಲಿಲ್ಲ. ನೆಂಟರೊಬ್ಬರು ಬೇಕೆಂದೇ ಉಡುಗೊರೆ ತಂದ ಫ್ಯಾನು ಬಂದ ದಾರಿಯಲ್ಲೇ ಹಿಂತಿರುಗಿತು. ಸಿಮೆಂಟು ಮಾರುವವನ ಅಣ್ಣ ಮಣ್ಣಿನ ಮನೆಯಲ್ಲಿದ್ದರೆ ಅಂಗಡಿಯ ಮಾನವೇನಾಗಬೇಕು? ಕೃಷ್ಣಕುಮಾರ ಸವಾಲೆಸೆದ. ಮನೆಮಾತು ತೆಲುಗಾದ್ದರಿಂದ ಅತ್ತಿಗೆ ಅವನಿಗೆ ವದಿನ.

"ಒಂದು ಮಳೆ ನೋಡಾನ ವದಿನಾ. ಸೋರಿದ್ರೆ ಅಣ್ಣ ನನ್ನ ಅಂಗ್ಡಿಗೆ."

"ಆಯ್ತು, ಇನ್ನೇನೈತೆ?"

ಮೊದಲ ಮಳೆಗೇ ಸೋರಿತು. ಮರುದಿನ ಸೀರೆಯ ಕೆಲಸಕ್ಕೆಂದು ನಾನು ಹೋದಾಗ ನಾಗರಾಜಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಚಿತ್ತಮ್ಮ ಮಗ್ಗದ ಮೇಲೆ ಛತ್ರಿ ಹಿಡಿದು ನಿಂತಿದ್ದರು. ಬಾಗಿಲಲ್ಲಿ ಕೃಷ್ಣಕುಮಾರ, ಗೆದ್ದ ಮುಖ ಹೊತ್ತು. ನನ್ನೆದುರು ಅವರು ಕನ್ನಡದಲ್ಲೇ ಜಗಳವಾಡಿದ್ದು ನನ್ನ ಪುಣ್ಯ.

"ಈಗಾದ್ರೂ ಒಪ್ಕೊಳ್ರಿ ವದಿನಾ."

"ಸೋರ್ತೈತೆ, ಒಪ್ಕೊಂಡೆ. ನೀರು ಹೋಗೋ ಇಳುಕಲು ತಪ್ಪಾಗಿ ಕೊಟ್ಟೋಳು ನಾನು. ನಾನು ತಪ್ಪಿದ್ರೆ ಮಣ್ಣಿಗ್ಯಾಕೆ ಶಿಕ್ಷೆ?"

"ಮಾತು ಮಾತೇ. ಅಣ್ಣಾ, ಏಳು."

ಚಿತ್ತಮ್ಮ ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದರು. ನಾಗರಾಜಪ್ಪ ತಲೆಯೆತ್ತದೆ ಲಾಳಿ ತಳ್ಳಿದರು.

"ನಾನು ಬರಲ್ಲ ಕಣೋ. ಬೆಳಗ್ಗಿಂದ ಒಂದೆಳೆನೂ ಕಡಿದಿಲ್ಲ."

ಆ ಸಂಜೆಯೇ ಚಿತ್ತಮ್ಮ ಅಂಗಿಯ ತೋಳು ಮಡಚಿ ಮಾಳಿಗೆ ಹತ್ತಿ, ಇಳುಕಲು ಸರಿಪಡಿಸಿ, ಕರಲನ್ನು ಹಿಮ್ಮಡಿಯಿಂದಲೇ ತುಳಿದು ಕೂರಿಸಿದರು. ಆಮೇಲೆ ಸೋರಲಿಲ್ಲ. ಈಗ ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೃಷ್ಣಕುಮಾರ ಏನಾದರೊಂದು ನೆಪ ಹೂಡಿ ರಾಂಪುರದಿಂದ ಬರುತ್ತಾನೆ, ಸಿಮೆಂಟಿನ ಗುಣಗಾನ ಮಾಡುತ್ತಲೇ ಗೋಡೆಗೊರಗುತ್ತಾನೆ.

"ಒಪ್ಕೊಂಡ್ಯೇನಪ್ಪಾ?"

"ಇಲ್ಲ ವದಿನಾ."

"ಹಂಗಾದ್ರೆ ಮಲಕ್ಕೋ. ಚಾಪೆ ಅಲ್ಲೈತೆ."

ಇಂಥವರನ್ನು ಹಟಮಾರಿಗಳೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನಾನೂ ಬಹಳ ಕಾಲ ಹಾಗೆಯೇ ಮಾಡಿದೆ. ನಾವು ಬಹುಪಾಲು ಜನ ಬೀದಿಯಲ್ಲಿ ಹೋಗುವವರ ಕಣ್ಣಿಗಾಗಿ ಮನೆ ಕಟ್ಟಿ, ಒಳಗಿನ ಸೆಖೆಯನ್ನು ಯಾರಿಗೂ ಹೇಳದೆ ಬದುಕುತ್ತೇವೆ. ಇವರು ಒಳಗೆ ಕೂತು ದುಡಿಯುವ ಒಂದು ಜೀವಕ್ಕಾಗಿ ಕಟ್ಟುತ್ತಾರೆ, ಸೋರಿದರೆ ಸೋರಿತೆಂದು ಒಪ್ಪಿ ಛತ್ರಿ ಹಿಡಿದು ನಿಲ್ಲುತ್ತಾರೆ, ಮನೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.