ಸೂರ್ಯ ಗದ್ದಲ ಮಾಡುವಾಗ ಬಾಂದುಕಲ್ಲು ನೆಡಬೇಡಿ

ಬದುವಿನ ಮೇಲೆ ಹೊಲದ ಎಲ್ಲೆ ತೋರಿಸುವ ಬಾಂದುಕಲ್ಲು ಕಾಣೆಯಾದರೆ ಎಂಥ ಒಳ್ಳೆಯ ನೆರೆಹೊರೆಯವರ ನಡುವೆಯೂ ಒಂದು ಸಣ್ಣ ಮುಳ್ಳು ಹುಟ್ಟಿಕೊಳ್ಳುತ್ತದೆ. ದಂಡಿಗನಹಳ್ಳಿಯ ಚನ್ನಪ್ಪನಿಗೂ ಪಕ್ಕದ ಹೊಲದ ಚಿಕ್ಕಯ್ಯನಿಗೂ ಹಾಗೇ ಆಗಿತ್ತು. ಜೆಸಿಬಿ ಬಂದು ಕಾಲುವೆ ತೋಡಿದಾಗ ಕಲ್ಲು ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ. ಆ ಬದುವಿನಲ್ಲೇ ಒಂದು ಬಾವಿ. ಅಪ್ಪಂದಿರ ಕಾಲದಲ್ಲಿ ಎರಡು ಮನೆಯವರೂ ಸೇರಿ ತೋಡಿದ್ದು. ಒಂದು ದಿನ ಇವರ ಮೋಟಾರು ಓಡಿದರೆ ಮಾರನೇ ದಿನ ಅವರದು.

"ಅಲ್ಲ ಕಣ್ಲಾ, ಆ ಬಾವಿ ನಿಜ್ವಾಗ್ಲೂ ಯಾರ್ ಕಡೀಕ್ ಬತ್ತದೆ?" ಎಂದು ಅರಳಿಕಟ್ಟೆಯಲ್ಲಿ ಯಾರೋ ಕಿಡಿ ಹಚ್ಚಿದರು. ಹಚ್ಚಿದವರು ಪಂಚೆ ಕೊಡವಿಕೊಂಡು ಎದ್ದು ಹೋದರು. ಮಾತು ಮಾತ್ರ ಇವರಿಬ್ಬರ ಮನೆಯಲ್ಲಿ ಉಳಿಯಿತು.

ಹೀಗಾಗಿ ಒಂದು ಬುಧವಾರ ಹೊಳೆನರಸೀಪುರದಿಂದ ಸರ್ವೆ ಮಾಡುವ ದೀಪಶ್ರೀ ಬಂದಳು. ಅವಳ ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಬಿಳಿ ಡಬ್ಬಿ, ನಡುವೆ ಮೊಬೈಲಿನಂಥ ಪರದೆ. ಕಳೆದುಹೋದ ಕಲ್ಲಿನ ಜಾಗವನ್ನು ಸರ್ವೆ ದಾಖಲೆ ನೋಡಿ ಅದರಲ್ಲಿ ತುಂಬಿಕೊಂಡೇ ಬಂದಿದ್ದಳು. ಬಂದವಳು ಹೊಲಕ್ಕೆ ಹೋಗದೆ ಮೊದಲು ಕೆರೆ ಏರಿಯ ಮೋರಿಗೆ ಹೋದಳು. ಅಲ್ಲಿ ಸಿಮೆಂಟಿನಲ್ಲಿ ಹುದುಗಿದ್ದ ಮೊಳೆಯೊಂದರ ಮೇಲೆ ಕೋಲಿಟ್ಟು ನೋಡಿದಳು.

"ಹೊಲ ಅಲ್ಲೈತೆ, ಇಲ್ಲೇನ್ ಅಳೀತೀಯಾ ತಾಯಿ?" ಎಂದ ಚನ್ನಪ್ಪ.

"ಈ ಮೊಳೆಯ ಜಾಗ ನಮಗೆ ಮೊದಲೇ ಗೊತ್ತು, ಯಜಮಾನ್ರೇ. ಇಲ್ಲಿ ಸರಿಯಾಗಿ ಹೇಳಿದ್ರೇನೇ ಈ ಮಿಷನ್ ಮಾತು ಹೊಲದಲ್ಲಿ ನಂಬೋದು."

ಚನ್ನಪ್ಪ ನಕ್ಕ. ಅಷ್ಟು ದುಡ್ಡಿನ ಮಿಷನ್ ತಪ್ಪು ಹೇಳುವುದುಂಟೆ? ಅವನ ಚಿಂತೆಯೇ ಬೇರೆ, ಬೆಳಿಗ್ಗೆಯಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ನೆಟ್ಟುಬಿಡಬೇಕು. ಹೆಂಡತಿ ಅನಸೂಯಮ್ಮ ಆಗಲೇ ತಟ್ಟೆ ಹಿಡಿದು ಬದುವಿನ ಮೇಲೆ ನಿಂತಿದ್ದಳು.

ಹೊಲಕ್ಕೆ ಬಂದು ಬಾವಿಯ ಹತ್ತಿರ ಕೋಲು ನಿಲ್ಲಿಸುತ್ತಿದ್ದಂತೆ ದೀಪಶ್ರೀಯ ಹುಬ್ಬು ಗಂಟಾಯಿತು. ಪರದೆಯಲ್ಲಿ ಹಸಿರಾಗಿದ್ದ ಗುರುತು ಕೆಂಪಗಾಗಿತ್ತು. "ಯಾಕೋ ಸರಿಯಿಲ್ಲ, ಒಂದ್ ಫೋನ್ ಮಾಡಿ ಬರ್ತೀನಿ. ಇದನ್ನ ಮುಟ್ಟಬೇಡಿ" ಎಂದು ಕೋಲನ್ನು ಅದರ ಮೂರು ಕಾಲಿನ ಮೇಲೆ ನಿಲ್ಲಿಸಿ ಹೊಂಗೆ ಮರದ ನೆರಳಿಗೆ ಹೋದಳು.

ಮುಟ್ಟಬೇಡಿ ಎಂದರೆ ನಮ್ಮ ಜನ ಕೇಳುತ್ತಾರೆಯೇ? ಪರದೆಯ ಬಾಣ ತೋರಿಸಿದ ಕಡೆ ಹೋಗಬೇಕು, ಚುಕ್ಕೆ ವೃತ್ತದೊಳಗೆ ಕೂತರೆ ಅದೇ ಕಲ್ಲಿನ ಜಾಗ ಎಂಬುದನ್ನು ಚನ್ನಪ್ಪ ಬೆಳಿಗ್ಗೆಯೇ ನೋಡಿಟ್ಟುಕೊಂಡಿದ್ದ. ಕೋಲು ಹೊತ್ತು ಬಾಣದ ಹಿಂದೆ ಹೊರಟ. ಬಾಣ ಬಾವಿಯನ್ನು ದಾಟಿ ಚಿಕ್ಕಯ್ಯನ ರಾಗಿ ಹೊಲದೊಳಕ್ಕೇ ಕರೆದುಕೊಂಡು ಹೋಯಿತು! ಚುಕ್ಕೆ ವೃತ್ತದೊಳಗೆ ಕೂತಿತು. ಗುರುತು ಕೆಂಪಗಿತ್ತು. ಕೆಂಪು ಎಂದರೆ ಕುಂಕುಮ, ಶುಭವೇ ಅಂದುಕೊಂಡ ಚನ್ನಪ್ಪ.

"ನೋಡ್ಲಾ ಚಿಕ್ಕ, ಮಿಷನ್ನೇ ಏಳ್ತಾ ಐತೆ. ಬಾವಿ ಪೂರ್ತಿ ನಮ್ ಕಡೀಕ್ ಬಂತು" ಎನ್ನುತ್ತಾ ಹಾರೆ ಎತ್ತಿಕೊಂಡು ಗುಂಡಿ ತೋಡತೊಡಗಿದ.

ಚಿಕ್ಕಯ್ಯ ಜಗಳಕ್ಕೆ ಬರಲಿಲ್ಲ. ಬಾವಿಯ ದಂಡೆಯ ಮೇಲಿದ್ದ ತನ್ನ ಬಿಂದಿಗೆಯನ್ನು ಎತ್ತಿಕೊಂಡ. "ಅಂಗಾರೆ ಆಗ್ಲಿ ಬುಡಪ್ಪ. ನಮ್ಮಪ್ಪನೂ ನಿಮ್ಮಪ್ಪನೂ ಒಂದೇ ಹಗ್ಗ ಇಡ್ಕೊಂಡು ಇಳ್ದು ಮಣ್ಣೆತ್ತಿದ್ರು" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದ. ಅನಸೂಯಮ್ಮ ತಟ್ಟೆಯನ್ನು ಬದುವಿನ ಮೇಲೆ ಇಟ್ಟುಬಿಟ್ಟಳು. "ರೀ, ಬಾವಿ ಬಂದ್ರೆ ಸಾಕಾ? ಆ ಮನುಷ್ಯ ಓಯ್ತಾವ್ನೆ ನೋಡ್ರೀ" ಎಂದಳು. ಚನ್ನಪ್ಪನಿಗೆ ಗೆದ್ದೆ ಅನ್ನಿಸಬೇಕಿತ್ತು. ಆದರೆ ಹಾರೆ ಹಾಕುತ್ತಲೇ ಚಿಕ್ಕಯ್ಯ ಹೋಗುವ ದಾರಿಯ ಕಡೆ ತಿರುಗಿ ತಿರುಗಿ ನೋಡಿದ.

ಅಷ್ಟರಲ್ಲಿ ದೀಪಶ್ರೀ ಓಡಿಬಂದಳು. "ಅಯ್ಯೋ ಯಜಮಾನ್ರೇ, ನಿಲ್ಸಿ! ಕೆಂಪು ಅಂದ್ರೆ ನಂಬಬೇಡ ಅಂತ!"

"ಮಿಷನ್ ಸುಳ್ಳು ಏಳ್ತದಾ?"

"ಬನ್ನಿ, ನೀವೇ ನೋಡಿ" ಎಂದು, ಹೊರಟಿದ್ದ ಚಿಕ್ಕಯ್ಯನನ್ನೂ ಕೂಗಿ ನಿಲ್ಲಿಸಿ, ಇಬ್ಬರನ್ನೂ ಮೋರಿಗೆ ಕರೆದೊಯ್ದಳು. ಬೆಳಗಿನ ಅದೇ ಮೊಳೆಯ ಮೇಲೆ ಕೋಲಿಟ್ಟಳು. ಮೊಳೆ ಕಣ್ಣೆದುರಿಗೇ ಇದೆ, ಬಾಣ ಮಾತ್ರ ಅದು ಕೆರೆಯ ನೀರಿನಲ್ಲಿದೆ ಎಂದು ತೋರಿಸುತ್ತಿದೆ! ಚನ್ನಪ್ಪ ಬಗ್ಗಿ ಮೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ನಮ್ ಮಿಷನ್ ಕೆಟ್ಟಿಲ್ಲ. ಸರ್ವೆ ಮಾಡೋ ನಮ್ಮವರನ್ನ ಫೋನಲ್ಲಿ ಕೇಳ್ದೆ, ಹಾಸನದಲ್ಲಿ ಶರ್ವಾಣಿಗೂ ಹೀಗೇ ಆಗಿದೆ, ಅರಕಲಗೂಡಿನಲ್ಲಿ ವಿಶ್ವಾಸ್‌ಗೂ ಆಗಿದೆ. ಮರ ಅಡ್ಡ ಬಂದ್ರೆ ಒಂದೆರಡು ಉಪಗ್ರಹದ ಸಂಕೇತ ಮಾತ್ರ ಕಮ್ಮಿ ಆಗ್ತದೆ. ಇವತ್ತು ಎಲ್ಲವೂ ಒಟ್ಟಿಗೇ ಕುಸಿದಿವೆ. ಸೂರ್ಯನಲ್ಲಿ ರೇಡಿಯೋ ಸ್ಫೋಟ ಆಗಿದೆ ಅಂತ ಈಗಷ್ಟೇ ನಮ್ ಗ್ರೂಪಿಗೆ ಮೆಸೇಜೂ ಬಂತು."

"ಸೂರ್ಯನಾ?" ಚನ್ನಪ್ಪ ಕತ್ತೆತ್ತಿದ.

"ನೆಟ್ಟ ದೃಷ್ಟಿ ಬೇಡ, ಕಣ್ಣಿಗೆ ಕೆಟ್ಟದ್ದು. ಉಪಗ್ರಹಗಳು ಇಪ್ಪತ್ತು ಸಾವಿರ ಕಿಲೋಮೀಟರಿಗೂ ಮೇಲಿಂದ ಪಿಸುಗುಟ್ತವೆ. ಆ ಪಿಸುಮಾತು ಕೇಳಿಸಿಕೊಂಡೇ ಈ ಡಬ್ಬಿ ಜಾಗ ಹೇಳೋದು. ಪಕ್ಕದಲ್ಲಿ ತಮಟೆ ಬಡಿದ್ರೆ ಪಿಸುಮಾತು ಕೇಳ್ತದಾ? ಸೂರ್ಯ ಕೆಲವು ಸಲ ಹಾಗೆ ಗದ್ದಲ ಮಾಡ್ತಾನೆ. ನಮ್ ಕಿವಿಗೆ ಕೇಳಲ್ಲ, ಇದಕ್ಕೆ ಕೇಳ್ತದೆ. ಅಲ್ಲಿ ಎದ್ದ ಗದ್ದಲ ಇಲ್ಲಿಗೆ ಬರೋಕೆ ಎಂಟು ನಿಮಿಷ ಬೇಕು, ಬಿಸಿಲಿನ ಹಾಗೇ."

ಚನ್ನಪ್ಪ ತನ್ನ ತೋಳಿನ ಮೇಲೆ ಬಿದ್ದಿದ್ದ ಬಿಸಿಲನ್ನು ನೋಡಿಕೊಂಡ. ದಿನವೂ ಮುಖ ತೊಳೆದು ಕೈಮುಗಿಯುವ ದೇವರು. ಕೋಟಿಗಟ್ಟಲೆ ಮೈಲಿ ಆಚೆ ಅವನೊಮ್ಮೆ ಗುಡುಗಿದ, ಆ ಗುಡುಗು ಯಾರಿಗೂ ಕೇಳಿಸದೆ ಇಳಿದುಬಂದು ಈ ಮೋರಿಯ ಮೊಳೆಯ ತನಕ ಮುಟ್ಟಿದೆ! ಅವನ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಆಕಾಶದ ಕೆಳಗೆ ನಿಂತು ತಾನೊಂದು ಬಾವಿಗಾಗಿ ಚಿಕ್ಕಯ್ಯನನ್ನು ಕಳೆದುಕೊಳ್ಳಲಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಈಗೇನ್ ಮಾಡಾದು ತಾಯಿ?"

"ಕಾಯೋದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗ್ತದೆ. ಹಸಿರು ಬಂದ್ಮೇಲೆ ಮೊದ್ಲು ಮೊಳೆ, ಆಮೇಲೆ ಹೊಲ. ಹೊಲವನ್ನೂ ಒಂದ್ಸಲ ಅಳೆದು ಬಿಡಬಾರದು, ಹೊತ್ತು ಬಿಟ್ಟು ಇನ್ನೊಂದ್ಸಲ ನೋಡ್ಬೇಕು. ಆದ್ರೆ ರಾಹುಕಾಲ ಬಂದ್ಬಿಡ್ತದಲ್ಲ?"

"ಬರ್ಲಿ ಬುಡು. ರಾಹುಕಾಲ್ದಾಗೆ ಅಳತೆ ನೋಡು, ಕಳುದ್ಮೇಕೆ ಇನ್ನೊಂದ್ ಕಿತ ನೋಡು. ಎರಡೂ ಒಂದೇ ಆದ್ರೆ ಆಗ ಕಲ್ಲು ನೆಡಾನ" ಎಂದ ಚನ್ನಪ್ಪ. ದೀಪಶ್ರೀ ಮನಸಾರೆ ನಕ್ಕಳು.

ಗುರುತು ಹಸಿರಾಯಿತು. ಮೊಳೆ ಮೊಳೆಯ ಜಾಗಕ್ಕೇ ಬಂತು. ಹೊಲದಲ್ಲಿ ಬಾಣ ನೇರವಾಗಿ ಬಾವಿಯ ದಂಡೆಗೆ ಬಂದು ನಿಂತಿತು. ಊಟ ಮುಗಿಸಿ ಬಂದು ಅಳೆದಾಗಲೂ ಅಲ್ಲೇ ನಿಂತಿತು. ಅಲ್ಲಿಂದ ಎಲ್ಲೆಯ ಗೆರೆ ಬಾವಿಯ ನಡುವೆಯೇ ಹಾಯುತ್ತಿತ್ತು: ಅತ್ತ ಅರ್ಧ ಬಾವಿ, ಇತ್ತ ಅರ್ಧ ಬಾವಿ. ಅಪ್ಪಂದಿರು ಎಲ್ಲಿ ತೋಡಬೇಕೋ ಅಲ್ಲೇ ತೋಡಿದ್ದರು.

ಚನ್ನಪ್ಪ ಕಾಯಿಯನ್ನು ಚಿಕ್ಕಯ್ಯನ ಕೈಗೆ ಕೊಟ್ಟ. "ನೀನೇ ಒಡಿಯಪ್ಪ. ಆ ಗುಂಡಿ ನಾನೇ ಮುಚ್ಚಿಕೊಡ್ತೀನಿ" ಎಂದ.

ಚಿಕ್ಕಯ್ಯ ತನ್ನ ರಾಗಿಯ ನಡುವೆ ಬಾಯಿ ತೆರೆದಿದ್ದ ಗುಂಡಿಯನ್ನು ನೋಡಿದ. "ಮುಚ್ಬ್ಯಾಡ ಕಣ್ಲಾ. ಪುಕ್ಕಟೆ ತೋಡ್ಕೊಟ್ಟಿದ್ದೀಯ, ಒಂದು ತೆಂಗಿನ್ ಸಸಿ ನೆಡಾನ. ನೀರು ಮಾತ್ರ ದಿನಾ ನೀನೇ ಉಯ್ಬೇಕು" ಎಂದ. ಹೊತ್ತು ಇಳಿಯುವ ಮೊದಲು ಅವನ ಬಿಂದಿಗೆ ಬಾವಿಯ ದಂಡೆಗೆ ವಾಪಸು ಬಂದಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಹೊಲದ ಅಳತೆ, ಔಷಧಿ ಸಿಂಪಡಿಸುವ ಡ್ರೋನು, ದಾರಿ ತೋರಿಸುವ ಮೊಬೈಲು ಎಲ್ಲವೂ ಇಂದು ಆಕಾಶದ ಪಿಸುಮಾತನ್ನೇ ನಂಬಿವೆ. ನಾವೂ ನಂಬೋಣ, ಆದರೆ ಪರೀಕ್ಷಿಸಿ ನಂಬೋಣ. ಅಳೆಯಲು ಬಂದವರಿಗೆ "ಮೊದಲು ಗೊತ್ತಿರುವ ಜಾಗದ ಮೇಲೆ ಇಟ್ಟು ತೋರಿಸಿ" ಎಂದು ಕೇಳಿ. ಎಲ್ಲ ಉಪಗ್ರಹಗಳ ಸಂಕೇತವೂ ಒಟ್ಟಿಗೇ ಕುಸಿದರೆ ಕೆಲಸ ನಿಲ್ಲಿಸಿ, ಡ್ರೋನು ಹಾರಿಸಬೇಡಿ, ಅಕ್ಕಪಕ್ಕದ ಊರಿನವರನ್ನು ವಿಚಾರಿಸಿ. ಹಳೆಯ ಕಲ್ಲು, ಮರ, ಮೋರಿಯ ಗುರುತುಗಳನ್ನು ಅಳಿಯಲು ಬಿಡಬೇಡಿ. ಸೂರ್ಯನ ಗದ್ದಲ ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ. ಆ ಹೊತ್ತಿನಲ್ಲಿ ಅವಸರಪಟ್ಟು ನೆಟ್ಟ ಕಲ್ಲು ಮಾತ್ರ ಮಕ್ಕಳ ಕಾಲದವರೆಗೂ ಜಗಳ ಬೆಳೆಸುತ್ತದೆ. ಅಷ್ಟು ಹೊತ್ತು ಕಾಯಿರಿ, ನೆರೆಯವರ ಬಿಂದಿಗೆ ಬಾವಿಯ ದಂಡೆಯ ಮೇಲೇ ಇರಲಿ.