ಆಚೆ ದಂಡೆಗೆ ಒಬ್ಬಳು

ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ತಳ ಮುಟ್ಟಿದ್ದು ಗೊತ್ತಾದ ಮೇಲೂ ದೇವಿಂದ್ರಪ್ಪ ಅದನ್ನು ಮೇಲೆಳೆಯಲಿಲ್ಲ. ಅವನ ಕಣ್ಣು ಆಚೆ ದಂಡೆಯ ಮೇಲಿತ್ತು.

“ಎಷ್ಟದ ಕಾಕಾ?” ರಬ್ಬರ್ ದೋಣಿಯ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಫರಹತ ಕೇಳಿದಳು.

“ಇಪ್ಪತ್ತೆರಡು ಫೂಟ್ ರಿ.”

“ಮುಂಜಾನಿಂದ ಬರೀ ಆ ಕಡಿಗೇ ನೋಡ್ಲಿಕತ್ತೀರಿ. ಏನದ ಅಲ್ಲಿ?”

“ಏನಿಲ್ರಿ ಮೇಡಂ. ಯಾರೂ ಇಲ್ಲ. ಅದಕ್ಕೇ ನೋಡ್ಲಿಕತ್ತೀನಿ.”

ನಾಲ್ಕು ದಿನಗಳಿಂದ ಇಬ್ಬರೂ ನೀರಿನಿಂದ ನೀರಿಗೆ ತಿರುಗುತ್ತಿದ್ದರು. ದೋಣಿ ವಿಹಾರಕ್ಕೆ, ಮೀನು ಹಿಡಿಯಲು ಬರುವವರಿಗೆ ಯಾವ ಜಾಗ ಅನುಕೂಲ ಎಂದು ಪಟ್ಟಿ ಮಾಡುವ ಕೆಲಸ ಕಲಬುರಗಿಯ ಒಂದು ಸಣ್ಣ ಕಂಪನಿಗೆ ಸಿಕ್ಕಿತ್ತು. ಫರಹತ ಅದರ ಎಂಜಿನಿಯರು. ಸನ್ನತಿಯ ಹತ್ತಿರ ಭೀಮಾ ನದಿ, ಸೇಡಂ ಕಡೆಯ ಕಾಗಿಣಾ, ಶಹಾಬಾದಿನಲ್ಲಿ ಕಲ್ಲು ತೆಗೆದು ಬಿಟ್ಟ ಖಣಿಯೊಳಗೆ ನಿಂತ ಹಸಿರು ನೀರು, ಇವತ್ತು ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯ. ಹುಟ್ಟು ಹಾಕಲು ಅವಳು ಕರೆದುಕೊಂಡು ಬಂದದ್ದು ದೇವಿಂದ್ರಪ್ಪನನ್ನು. ಭೀಮೆಯಲ್ಲಿ ಇಪ್ಪತ್ತಾರು ವರ್ಷ ತೆಪ್ಪ ನಡೆಸಿದವನು. ಸೇತುವೆ ಆದ ಮೇಲೆ ತೆಪ್ಪವನ್ನು ಮನೆಯ ಹಿಂದೆ ಮಗುಚಿಟ್ಟು, ಮೂರು ವರ್ಷದಿಂದ ಊರವರ ಪಂಪ್‌ಸೆಟ್ ಕಾಯುತ್ತಿದ್ದ.

ಇಲ್ಲಿ ದೋಣಿ ಶುರುವಾದರೆ ಕಾಯಂ ಕೆಲಸ ಅವನಿಗೇ ಎಂದು ಫರಹತ ಹೇಳಿದ್ದಳು. ಬೆಳಗ್ಗೆ ಹೆಂಡತಿ ಗುಂಡಮ್ಮ ಫೋನಿನಲ್ಲಿ, “ಕೆಲಸ ಗಟ್ಟಿ ಮಾಡ್ಕೊಂಡೇ ಬರ್ರಿ, ಸುಮ್ನ ಬಾಯಿ ಮಾಡಬ್ಯಾಡ್ರಿ,” ಎಂದಿದ್ದಳು. ಅವನಿಗೂ ಬೇಕಾಗಿತ್ತು. ಆದರೆ ನಾಲ್ಕು ದಿನದಿಂದ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಲಾಡ್ಜಿನ ಮಂಚದಲ್ಲಿ ಹೊರಳಾಡುತ್ತಿದ್ದ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ಎಲ್ಲಿ ಹೋದರೂ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವುದು. ಇಳಿಯುವವರಿಲ್ಲ, ಹತ್ತುವವರಿಲ್ಲ.

ಅವರು ದಂಡೆಗೆ ಮರಳಿದಾಗ ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು. ಕೈಯಲ್ಲಿ ಹೂವಿನ ಹಾರವಿದ್ದ ಪ್ಲಾಸ್ಟಿಕ್ ಚೀಲ, ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

“ಅಣ್ಣಾ, ನನ್ನ ಆ ದಂಡಿಗಿ ಬಿಡ್ತೀರೇನು? ನಮ್ಮಕ್ಕ ತೀರ್ಕೊಂಡಾಳ. ಹನ್ನೆರಡಕ್ಕ ಮಣ್ಣು ಮಾಡ್ತಾರಂತ. ಸುಲೇಪೇಟದಾಗ ಬಸ್ ತಪ್ತು. ಒಬ್ರ ಗಾಡಿ ಮ್ಯಾಲ ಇಲ್ಲಿ ತನಕ ಬಂದೆ, ಅವ್ರು ಇಳಿಸಿ ಹ್ವಾದ್ರು. ಸುತ್ತು ಹಾಕಿ ನಡದ್ರ ಮುಖ ಸಿಗಂಗಿಲ್ಲ.”

ದೇವಿಂದ್ರಪ್ಪ ಫರಹತಳನ್ನು ನೋಡಿದ.

“ಆಗಂಗಿಲ್ಲವ್ವಾ,” ಎಂದಳು ಅವಳು. ದನಿ ಗಟ್ಟಿ ಇರಲಿಲ್ಲ. “ಹೊರಗಿನವರಿಗಿ ಕೂಡಿಸ್ಬಾರ್ದಂತ ಹೇಳ್ಯಾರ. ಹನ್ನೊಂದಕ್ಕ ನಮ್ಮ ಮಾಲಕರು ಕ್ಯಾಮೆರಾ ತಗೊಂಡು ಬರ್ಲಿಕತ್ತಾರ. ಕಾಕಾ, ನೀವರ ಹೇಳ್ರಿ.”

ಮಾಲಕ ಶಂಕರಲಿಂಗ ಎಲ್ಲಿಯವರೆಗೆ ಬಂದಿದ್ದಾರೆಂದು ಕೇಳಲು ಫರಹತ ಸಿಗ್ನಲ್ ಹುಡುಕುತ್ತ ಏರಿಯ ಮೇಲೆ ಹೋದಳು.

“ನಿಮ್ಮ ಹೆಸರೇನ್ರಿ ಅಕ್ಕಾ?” ದೇವಿಂದ್ರಪ್ಪ ಕೇಳಿದ.

“ರತ್ನಾಬಾಯಿ.”

“ನಡುವ ಕುಂದ್ರಿ. ಏಳಬ್ಯಾಡ್ರಿ.” ಫರಹತ ಬಿಚ್ಚಿಟ್ಟಿದ್ದ ಕಿತ್ತಳೆ ಲೈಫ್ ಜಾಕೆಟನ್ನು ಅವಳಿಗೆ ತೊಡಿಸಿ, ಪಟ್ಟಿ ಬಿಗಿದು, ದೋಣಿಯನ್ನು ನೀರಿಗೆ ನೂಕಿದ.

ನಡುನೀರಿಗೆ ಬಂದಾಗ ಗಾಳಿ ಅಡ್ಡ ಬೀಸತೊಡಗಿತು. ಬಿದಿರು ತೆಪ್ಪ ಕೇಳಿದಂತೆ ಈ ಹಗುರ ದೋಣಿ ಅವನ ಮಾತು ಕೇಳುತ್ತಿರಲಿಲ್ಲ; ಮೂತಿ ತಿರುಗಿಸಿಕೊಂಡು ಓಡುತ್ತಿತ್ತು. ರತ್ನಾಬಾಯಿ ಕಣ್ಣು ಮುಚ್ಚಿ ಚೀಲವನ್ನು ಎದೆಗವಚಿಕೊಂಡಳು. ದೇವಿಂದ್ರಪ್ಪ ಮೊಣಕಾಲೂರಿ ಒಂದೇ ಪಕ್ಕಕ್ಕೆ ಹುಟ್ಟು ಹಾಕಿದ. ಭುಜ ಉರಿಯಿತು. ಹಿಂದಿನಿಂದ ಫರಹತ ಕೂಗುವುದು ಕೇಳಿಸಿತು; ಅವನು ತಿರುಗಲಿಲ್ಲ. ಆಚೆಯ ಮರಗಳ ಹಿಂದಿನಿಂದ ತಾಳದ ಸದ್ದು ಬಂತು.

“ಭಜನಿ ನಡದದ, ಅಕ್ಕಾ. ಇನ್ನಾ ಮಣ್ಣಿಗಿ ಎತ್ತಿಲ್ಲ.”

ಅವಳು ಕಣ್ಣು ತೆರೆದಳು. ದೋಣಿ ಕೆಸರು ಮುಟ್ಟುವ ಮೊದಲೇ ಮೊಣಕಾಲುದ್ದ ನೀರಿಗಿಳಿದು, ಜಾಕೆಟನ್ನು ಬಿಚ್ಚಲಾಗದೆ, ಹಾಗೆಯೇ ಮರಗಳ ನಡುವೆ ಓಡಿದಳು.

ಅವನು ಮರಳುವಷ್ಟರಲ್ಲಿ ಶಂಕರಲಿಂಗ ಬಂದು ನಿಂತಿದ್ದರು. ಅವರು ಬೈಯಲಿಲ್ಲ. “ಗಾಳಿಗಿ ದೋಣಿ ಮಗುಚಿದ್ರ ಯಾರ ಜವಾಬ್ದಾರಿ?” ಎಂದು ಕೇಳಿದರು. ಫರಹತಳನ್ನು ದೂರಕ್ಕೆ ಕರೆದು ಏನೋ ಹೇಳಿ, ಕ್ಯಾಮೆರಾವನ್ನು ಹೊರಗೂ ತೆಗೆಯದೆ ಕಾರು ಹತ್ತಿದರು.

“ಈ ಕೆಲಸಕ್ಕ ಬ್ಯಾರೆಯವರಿಗಿ ನೋಡು ಅಂದ್ರು,” ಎಂದಳು ಫರಹತ. “ನನಗೂ ಭಾಳ ಸಿಟ್ಟು ಬಂದಿತ್ತು ಕಾಕಾ. ಕೇಳಿದ್ರ ನಾನು ಬ್ಯಾಡಂತಿದ್ದೆ.”

“ಅದಕ್ಕೇ ಕೇಳಿಲ್ರಿ.”

ಗುಂಡಮ್ಮನಿಗೆ ಏನು ಹೇಳುವುದೆಂದು ಅವನಿಗೆ ತಿಳಿಯಲಿಲ್ಲ. ಹಸಿವು ಮಾತ್ರ ಜೋರಾಗಿತ್ತು. ಡಬ್ಬಿ ತೆಗೆದು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದ, ಎರಡು ರೊಟ್ಟಿ ಮುಗಿಯುವವರೆಗೂ ಕೂತಲ್ಲಿಂದ ಏಳಲಿಲ್ಲ.

ಫರಹತ ತನ್ನ ನಮೂನೆಯ ಹಾಳೆ ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು. “ಆ ದಂಡಿಗಿ ಇಳಿಲಿಕ್ಕ ಜಾಗ ಹ್ಯಾಂಗದ?”

“ಕೆಸರದ. ಎರಡು ಹಾಸುಗಲ್ಲು ಹಾಕಿದ್ರ ಸಾಕು.”

ಅವಳು ಬರೆದುಕೊಂಡಳು.

ಆಮೇಲೆ ಇಬ್ಬರೂ ದೋಣಿಯ ಬಿರಡೆ ತೆಗೆದು, ಎದುರುಬದುರು ಮೊಣಕಾಲೂರಿ, ಒಳಗಿನ ಗಾಳಿಯನ್ನು ಒತ್ತಿ ಹೊರಹಾಕತೊಡಗಿದರು. ನೀರಿನಾಚೆ ತಾಳದ ಸದ್ದು ಜೋರಾಯಿತು, ನಿಧಾನವಾಗಿ ಗುಡ್ಡದ ಕಡೆಗೆ ಸರಿಯಿತು. ಅದು ಕೇಳುವಷ್ಟು ಹೊತ್ತು ಇಬ್ಬರೂ ದೋಣಿಯನ್ನು ಒತ್ತದೆ ಕೂತರು.