ಅರ್ಧ ಬಟ್ಟಲು ಚಹಾ

ಮೂರು ದಿನದಿಂದ ಜಿಪಾರ್ ಹಾಸ್ಟೆಲಿನ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಇದನ್ನು ಮೊದಲು ಗಮನಿಸಿದ್ದು ಹಾಸ್ಟೆಲ್ ನೋಡಿಕೊಳ್ಳುವ ಉಮ್ಸುನ್ ಎಜೆ. ಎಜೆ ಎಂದರೆ ಅಕ್ಕ. ಈ ಬೆಟ್ಟದೂರಿನಲ್ಲಿ ಅಮ್ಮನ ವಯಸ್ಸಿನವರೂ ಎಜೆಯೇ. ಹಾಸ್ಟೆಲಿನ ನೂರಾ ನಲವತ್ತು ಹುಡುಗಿಯರಲ್ಲಿ ಯಾರು ಮೊದಲು ಎದ್ದರು, ಯಾರು ತಲೆ ಒಣಗಿಸದೆ ತರಗತಿಗೆ ಓಡಿದರು ಎಂಬುದೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಹೀಗಿರುವಾಗ ಊಟ ಬಿಟ್ಟವಳು ಕಣ್ಣಿಗೆ ಬೀಳದೆ ಇರುತ್ತಾಳೆಯೇ?

ಆಗಷ್ಟೇ ಎಣ್ಣೆಯಿಂದ ತೆಗೆದ ಬೋರ್ಸೊಕ್ ಎಂಬ ಹಿಟ್ಟಿನ ಉಂಡೆಗಳನ್ನು ತಟ್ಟೆಗೆ ಸುರಿದುಕೊಂಡು ಎಜೆ ನೇರವಾಗಿ ಜಿಪಾರಳ ಕೋಣೆಗೆ ಹೋದಳು.

"ಏನೇ ಹುಡುಗಿ, ಉಪವಾಸದ ತಿಂಗಳು ಮುಗಿದು ಎಷ್ಟು ದಿನ ಆಯ್ತು? ನೀನಿನ್ನೂ ಹಿಡ್ಕೊಂಡೇ ಕೂತಿದೀಯಲ್ಲ!"

"ಹಸಿವಿಲ್ಲ ಎಜೆ."

"ಹಸಿವಿಲ್ವಂತೆ! ಹೋದ ವರ್ಷ ನನ್ನ ಬುಟ್ಟೀಲಿದ್ದ ಬೋರ್ಸೊಕ್ ಎಲ್ಲಾ ಮುಗಿಸಿದ್ದು ಯಾರು, ನಿನ್ನ ನೆರಳಾ?"

ಜಿಪಾರ್ ನಗಲಿಲ್ಲ. ಕಿಟಕಿಯಾಚೆ ಏಪ್ರಿಲಿನ ಹಿಮ ಕರಗುತ್ತಿತ್ತು. ಅವಳು ಅದನ್ನೂ ನೋಡುತ್ತಿರಲಿಲ್ಲ. ಮಂಚದ ಕೆಳಗೆ ಚೀಲವೊಂದು ಕಟ್ಟಿ ಸಿದ್ಧವಾಗಿರುವುದು ಎಜೆಗೆ ಕಂಡಿತು.

ಸಂಗತಿ ಹೀಗಿತ್ತು. ಜಿಪಾರ್ ಮೂರನೆಯ ವರ್ಷದ ವಿದ್ಯಾರ್ಥಿನಿ. ನೀರು, ನದಿ, ಹಿಮನದಿಗಳ ವಿಷಯ ಓದುತ್ತಿದ್ದಳು. ಇನ್ನೆರಡು ವಾರದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಮ್ಮೇಳನ. ಬೇಸಿಗೆಯಲ್ಲಿ ಅವಳ ಮನೆಯವರು ಕುರಿ ಕುದುರೆ ಹೊಡೆದುಕೊಂಡು ಹೋಗುವ ಹುಲ್ಲುಗಾವಲಿನಲ್ಲಿ ನಾಲ್ಕು ನೀರಿನ ಊಟೆಗಳಿದ್ದವು. ಅವುಗಳಲ್ಲಿ ಒಂದು ಬತ್ತಿಹೋಗಿತ್ತು. ಅದರ ಬಗ್ಗೆ ಅವಳು ಎರಡು ವರ್ಷ ಲೆಕ್ಕವಿಟ್ಟು ಬರೆದ ಪ್ರಬಂಧವನ್ನು ಸಭೆಯ ಮುಂದೆ ಹೇಳಬೇಕಿತ್ತು. ಹೋದ ವಾರ ತರಗತಿಯಲ್ಲಿ ಅಭ್ಯಾಸಕ್ಕೆಂದು ನಿಂತಾಗ ಗಂಟಲು ಕಟ್ಟಿತು. ಎರಡು ನಿಮಿಷ ಹಾಗೇ ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ, ಅನ್ನಾಹಾರ ಸೇರುತ್ತಿಲ್ಲ.

"ನಾನು ಊರಿಗೆ ಹೋಗ್ಬಿಡ್ತೀನಿ ಎಜೆ. ಸಮ್ಮೇಳನಾನೂ ಬೇಡ, ಓದೂ ಬೇಡ."

"ಬಾಯಿ ಮುಚ್ಚು! ಮೂರು ವರ್ಷ ಓದಿ, ಈಗ ಯಾರೋ ಹಲ್ಲು ಕಿಸಿದ್ರು ಅಂತ ಬಿಡ್ತಾಳಂತೆ."

"ಹಸಿರು ಬಾಗಿಲಿಗೆ ಹೋಗು ಅಂತ ಗೆಳತಿಯರು ಹೇಳಿದ್ರು..."

ಹಸಿರು ಬಾಗಿಲು ಎಂದರೆ ಗ್ರಂಥಾಲಯದ ಮೇಲಿನ ಕೋಣೆ. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳಲು ಸೆಜಿಮ್ ಎಂಬ ಆಪ್ತಸಮಾಲೋಚಕಿ ಮೂರು ತಿಂಗಳ ಹಿಂದೆ ಅಲ್ಲಿಗೆ ಬಂದು ಕೂತಿದ್ದಳು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಎಜೆ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಆ ಕಡೆ ತಲೆ ಹಾಕಿ ಮಲಗ್ಲೂಬೇಡ! ಅಲ್ಲಿಗೆ ಹೋದ್ರೆ ತಲೆ ಕೆಟ್ಟೋರ ಪಟ್ಟಿಗೆ ಹೆಸರು ಹತ್ತುತ್ತೆ. ಒಂದ್ಸಲ ಹತ್ತಿದ್ರೆ ಮುಗೀತು. ಕೆಲಸ ಸಿಗಲ್ಲ, ಗಾಡಿ ಓಡಿಸೋ ಪರವಾನಗಿ ಸಿಗಲ್ಲ, ಗಂಡೂ ಸಿಗಲ್ಲ. ನಿಂಗೆ ಬೇಕಾಗಿರೋದು ಕುರಿ ಮೂಳೆ ಸಾರು. ನಾನು ಮಾಡಿ ಕೊಡ್ತೀನಿ."

ಸಾರು ಮಾಡಿದಳು. ಒಣಗಿದ ಆರ್ಚಾ ಮರದ ಟೊಂಗೆಗೆ ಬೆಂಕಿ ತಾಗಿಸಿ, ಹೊಗೆಯನ್ನು ಜಿಪಾರಳ ತಲೆಯ ಸುತ್ತ ಆಡಿಸಿ ದೃಷ್ಟಿ ತೆಗೆದಳು. ಕೋಣೆ ತುಂಬ ಹೊಗೆಯಾಗಿ ಪಕ್ಕದ ಮಂಚದವಳು ಕೆಮ್ಮುತ್ತ ಹೊರಗೋಡಿದಳು. ಎಜೆಯ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಆದರೆ ಸಾರು ಬಟ್ಟಲಿನಲ್ಲೇ ಹೆಪ್ಪುಗಟ್ಟಿತು.

ಎರಡು ದಿನ ಕಳೆದ ಮೇಲೆ ಮಧ್ಯಾಹ್ನ ಜಿಪಾರ್ ಎಲ್ಲಿಂದಲೋ ಬಂದವಳೇ ಮಂಚದ ಕೆಳಗಿನ ಚೀಲ ಎಳೆದಳು. ಮುಖ ಬಿಳುಚಿಕೊಂಡಿತ್ತು. ಬಾಗಿಲಲ್ಲಿ ಎಜೆ ಅಡ್ಡ ನಿಂತಳು.

"ಎಲ್ಲಿಗೇ?"

"ಊರಿಗೆ. ನೀವು ಬೇಡ ಅಂದ್ರೂ ಹಸಿರು ಬಾಗಿಲಿಗೆ ಹೋಗಿದ್ದೆ ಎಜೆ. ಅವರಿಗೂ ನಾನು ಬೇಡ."

"ಬೇಡ ಅಂತ ಹೇಳಿದ್ಲಾ ಅವಳು?"

"ಬಾಯಲ್ಲಿ ಹೇಳ್ಲಿಲ್ಲ. ಕೂತ್ಕೋ ಅಂದ್ರು. ಚಹಾ ಹಾಕಿದ್ರು. ಬಟ್ಟಲು ತುಂಬ."

"ತುಂಬ ಅಂದ್ರೆ?"

"ಅಂಚಿನವರೆಗೂ."

ಎಜೆ ಹಣೆ ಚಚ್ಚಿಕೊಂಡಳು. ಇಲ್ಲಿ ಬೇಕಾದವರಿಗೆ ಯಾರೂ ಬಟ್ಟಲು ತುಂಬಿಸುವುದಿಲ್ಲ. ಅರ್ಧ ಹಾಕುತ್ತಾರೆ. ಕುಡಿದು ಮುಗಿಸಿದರೆ ಮತ್ತೆ ಅರ್ಧ. ಬಟ್ಟಲು ಹತ್ತು ಸಲ ಕೈಯಿಂದ ಕೈಗೆ ಹೋಗಿ ಬರಬೇಕು, ಅಷ್ಟು ಹೊತ್ತು ನೀನು ಕೂತಿರಬೇಕು ಎಂಬುದು ಅದರ ಅರ್ಥ. ತುಂಬಿಸಿ ಕೊಟ್ಟರೆ ಅರ್ಥ ಒಂದೇ. ಇದನ್ನು ಕುಡಿ, ಹೊರಡು.

ಹೋಗಬೇಡ ಎಂದವಳೂ ಎಜೆಯೇ. ಈಗ ಅಲ್ಲಿ ಕೂರಿಸಿಕೊಳ್ಳಲಿಲ್ಲ ಎಂದು ಕೆಂಡವಾದವಳೂ ಎಜೆಯೇ. ಪ್ರೀತಿಸುವವರು ಹೀಗೆಯೇ, ಏನು ಮಾಡಲಾಗುತ್ತದೆ! ಅವಳು ಜಿಪಾರಳ ಬೂಟುಗಳನ್ನು ಎತ್ತಿಕೊಂಡು ಹೋಗಿ ತನ್ನ ಕಪಾಟಿನಲ್ಲಿಟ್ಟು ಬೀಗ ಜಡಿದಳು.

"ಈಗ ಹೋಗು ನೋಡೋಣ ಊರಿಗೆ, ಹಿಮದಲ್ಲಿ ಬರಿಗಾಲಲ್ಲಿ. ನಾನು ಆ ಪಟ್ಟಣದ ಸೊಕ್ಕಿನವಳನ್ನ ಮಾತಾಡಿಸ್ಕೊಂಡು ಬರ್ತೀನಿ."

ಗ್ರಂಥಾಲಯದ ಮೆಟ್ಟಿಲು ಹತ್ತುವಷ್ಟರಲ್ಲಿ ಎಜೆಗೆ ಏದುಸಿರು ಬಂದಿತ್ತು. ಹಸಿರು ಬಾಗಿಲನ್ನು ತಟ್ಟದೆಯೇ ತಳ್ಳಿದಳು. ದಪ್ಪ ಕನ್ನಡಕದ ತೆಳ್ಳನೆಯ ಸೆಜಿಮ್ ಗಾಬರಿಯಿಂದ ಎದ್ದು ನಿಂತಳು.

"ಏನಮ್ಮಾ, ನಮ್ಮ ಜಿಪಾರ್ ನಿಂಗೇನು ಅನ್ಯಾಯ ಮಾಡಿದ್ಲು? ಮಗು ಕಷ್ಟ ಹೇಳ್ಕೊಳ್ಳೋಕೆ ಬಂದ್ರೆ ಎಬ್ಬಿಸಿ ಕಳಿಸ್ತೀಯಾ?"

"ಎಜೆ, ಯಾರು ಬಂದಿದ್ರು, ಯಾರು ಬಂದಿರ್ಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಕ್ಷಮಿಸಿ."

"ನಾನೇ ಹೆಸರು ಹೇಳ್ತಿದೀನಲ್ಲ!"

"ನೀವು ಹೇಳಬಹುದು. ನಾನು ಹೂಂ ಅನ್ನೋ ಹಾಗೂ ಇಲ್ಲ, ಉಹೂಂ ಅನ್ನೋ ಹಾಗೂ ಇಲ್ಲ. ಇಲ್ಲಿಗೆ ಬಂದವರ ಸುದ್ದಿ ಈ ಬಾಗಿಲು ದಾಟಿ ಹೋಗಲ್ಲ." ಸೆಜಿಮ್ ಕುರ್ಚಿ ಎಳೆದು ಹಾಕಿದಳು. "ಮೊದಲು ಕೂತ್ಕೊಳ್ಳಿ. ಚಹಾ ಹಾಕ್ತೀನಿ."

ಹಾಕಿದಳು. ಅಂಚಿನವರೆಗೂ.

"ನೋಡು! ನನ್ನನ್ನೂ ಎಬ್ಬಿಸ್ತಿದೀಯ!"

ಸೆಜಿಮಳಿಗೆ ಏನೂ ತಿಳಿಯಲಿಲ್ಲ. ಬಟ್ಟಲನ್ನೂ ಎಜೆಯ ಮುಖವನ್ನೂ ನೋಡಿದಳು. ಎಜೆ ಬೈಯುತ್ತಲೇ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಸೆಜಿಮಳ ಕಿವಿಯ ತುದಿ ಕೆಂಪಾಯಿತು.

"ಅಯ್ಯೋ ದೇವರೇ. ಎಜೆ, ಅಪ್ಪ ಅಮ್ಮ ಕೆಲಸಕ್ಕೆ ಅಂತ ಹೋಗಿ ನಾನು ಹುಟ್ಟಿ ಬೆಳೆದಿದ್ದೆಲ್ಲ ಮಾಸ್ಕೋದಲ್ಲಿ. ನಮ್ಮನೇಲಿ ದೊಡ್ಡ ಮಗ್ಗಿನ ತುಂಬ ಕುಡೀತಿದ್ವಿ. ತುಂಬಿಸಿ ಕೊಟ್ರೆ ಪ್ರೀತಿ ಅಂದ್ಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಮೂವತ್ತೊಂದು ಮಕ್ಕಳು ಈ ಬಾಗಿಲು ತಟ್ಟಿದಾರೆ. ಎರಡನೇ ಸಲ ಬಂದೋರು ನಾಲ್ಕೇ ಜನ. ಯಾಕೆ ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ."

"ಆ ನಾಲ್ಕು ಜನಕ್ಕೂ ತುಂಬಾನೇ ಹಾಕಿದ್ಯಾ?"

ಸೆಜಿಮ್ ಯೋಚಿಸಿದಳು. "ಅವರು ಚಹಾನೇ ಬೇಡ ಅಂದಿದ್ರು."

ಎಜೆಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೆಜಿಮಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಎಜೆ ಕೆಟಲ್ ಹಿಡಿಯುವುದನ್ನು ಕಲಿಸಿದಳು. ಇಷ್ಟು ಹಾಕು, ನಿಲ್ಲಿಸು, ಬಲಗೈಯಲ್ಲಿ ಕೊಡು, ಬರಿದಾದರೆ ಕೇಳದೆಯೇ ಮತ್ತೆ ಹಾಕು. ಕಲಿಯುವವಳು ಹಾಕುತ್ತ ಹೋದಳು, ಕಲಿಸುವವಳು ಕುಡಿಯುತ್ತ ಹೋದಳು. ಐದನೆಯ ಬಟ್ಟಲಿಗೆ ಎಜೆಯ ದನಿ ಇಳಿಯಿತು.

"ಪಟ್ಟಿ ಎಲ್ಲಿಟ್ಟಿದೀಯ ಮಗಳೇ? ನಿಜ ಹೇಳು."

"ಯಾವ ಪಟ್ಟಿ ಎಜೆ?"

"ನನ್ನ ತಮ್ಮ ಶಾರ್ಶೆನ್ ಸೈನ್ಯದಿಂದ ಬಂದೋನು ಮಾತೇ ಬಿಟ್ಟಿದ್ದ. ಆಗಿನ ಕಾಲ. ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ. ಅವರು ಹೆಸರು ಬರ್ಕೊಂಡ್ರು, ಅಷ್ಟೇ. ಲಾರಿ ಓಡಿಸೋ ಪರವಾನಗಿ ಹೋಯ್ತು. ನಿಶ್ಚಯ ಆಗಿದ್ದ ಹುಡುಗೀನೂ ಹೋದ್ಲು. ಊರವರೆಲ್ಲ ಅವನ ಬೆನ್ನ ಹಿಂದೆ ಬೆರಳು ತೋರಿಸಿದ್ರು. ಈಗಲೂ ಕುದುರೆ ಕಾಯ್ತಾ ಒಬ್ನೇ ಇದಾನೆ. ಅವನಿಗೆ ಏನಾಗಿತ್ತು ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ ಮಗಳೇ. ಒಡಹುಟ್ಟಿದೋಳು ನಾನೇ ಕೇಳ್ಲಿಲ್ಲ."

ಎಜೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಸೆಜಿಮ್ ಅವಳ ಬಟ್ಟಲಿಗೆ ಮತ್ತೆ ಅರ್ಧ ಹಾಕಿದಳು. ಸರಿಯಾಗಿ ಅರ್ಧ.

"ಎಜೆ, ಇಲ್ಲಿ ಪಟ್ಟಿ ಇಲ್ಲ. ನಾನು ಔಷಧಿ ಕೊಡೋ ಡಾಕ್ಟರೂ ಅಲ್ಲ. ಕೂತು ಕೇಳ್ತೀನಿ, ದಾರಿ ಹುಡುಕೋಕೆ ಜೊತೆಗಿರ್ತೀನಿ. ಡಾಕ್ಟರ್ ಬೇಕು ಅನ್ನಿಸಿದ್ರೆ ಮಕ್ಕಳ ಹತ್ರಾನೇ ಹೇಳ್ತೀನಿ."

"ಕುಲಪತಿ ಬಂದು ಕೇಳಿದ್ರೆ?"

"ಹೇಳಲ್ಲ."

"ಪಾಠ ಮಾಡೋ ಮೇಷ್ಟ್ರು?"

"ಹುಡುಗಿ ಒಪ್ಪಿದ್ರೆ ಮಾತ್ರ, ಅವಳು ಎಷ್ಟು ಹೇಳು ಅಂತಾಳೋ ಅಷ್ಟೇ."

"ಹೆತ್ತ ತಾಯಿ?"

"ಅವರಿಗೂ ಅಷ್ಟೇ. ಯಾರದಾದ್ರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ ಮಾತ್ರ ಬೇರೆಯವರ ಸಹಾಯ ಕರೀತೀನಿ. ಅದನ್ನ ಮೊದಲನೇ ದಿನಾನೇ ಎಲ್ಲರಿಗೂ ಹೇಳಿರ್ತೀನಿ."

ಎಜೆ ಬಟ್ಟಲು ಬರಿದು ಮಾಡಿದಳು. ತಾನೇ ಹೆಸರು ಹೇಳಿದರೂ ಹೂಂ ಅನ್ನದ ಹುಡುಗಿ ಇವಳು. ಇಂಥವಳು ಪಟ್ಟಿ ಬರೆಯಲಾರಳು ಎಂದು ಅವಳಿಗೆ ಅನ್ನಿಸಿತು.

ಹಾಸ್ಟೆಲಿಗೆ ಬಂದವಳೇ ಬೀಗ ತೆಗೆದು ಬೂಟುಗಳನ್ನು ಜಿಪಾರಳ ಮುಂದಿಟ್ಟಳು.

"ಹಾಕ್ಕೋ. ಊರಿಗಲ್ಲ, ಹಸಿರು ಬಾಗಿಲಿಗೆ. ನಾನು ತಪ್ಪು ಹೇಳಿದ್ದೆ ಕಣೇ. ಪಟ್ಟಿ ಗಿಟ್ಟಿ ಏನೂ ಇಲ್ಲ. ಆ ಹುಡುಗೀಗೆ ಚಹಾ ಹಾಕೋದು ಗೊತ್ತಿರ್ಲಿಲ್ಲ, ಅಷ್ಟೇ. ಈಗ ಕಲಿಸಿ ಬಂದಿದೀನಿ."

"ನೀವೂ ಬರ್ತೀರಾ ಎಜೆ?"

"ಬಾಗಿಲವರೆಗೆ. ಒಳಗಿನ ಮಾತು ನಿಂದು."

ಮೊದಲ ದಿನ ಜಿಪಾರ್ ಏಳು ಬಟ್ಟಲು ಕುಡಿದು ಬಂದಳು. ಆ ದಿನ ಸಂಜೆ ಒಂದು ಬೋರ್ಸೊಕ್ ತಿಂದಳು. ಮರುದಿನ ಮೂರು. ಅಂಜಿಕೆ ಬರುತ್ತದೆ, ಅದು ಬಂದಾಗ ಉಸಿರನ್ನು ನಿಧಾನವಾಗಿ ಹೊರಗೆ ಬಿಡು, ಒಂದು ನಿಮಿಷ ಬೇಕೆಂದು ಬಾಯಿಬಿಟ್ಟು ಕೇಳು ಎಂದು ಸೆಜಿಮ್ ಕಲಿಸಿದ್ದಳು. ಜಿಪಾರಳ ಒಪ್ಪಿಗೆ ಪಡೆದು ಅವಳ ಮೇಷ್ಟ್ರು ಕುಬಾನಿಚ್ಬೆಕ್ ಅವರೊಡನೆಯೂ ಮಾತಾಡಿದಳು. ಗಂಟುಮುಖದ ಆ ಮೇಷ್ಟ್ರು ಸರದಿ ಬದಲಿಸಿ ಜಿಪಾರಳನ್ನು ಮೊದಲಿಗೇ ಹಾಕಿದರು, ಕಾಯುತ್ತ ಕೂತು ಹೆದರಬಾರದೆಂದು. "ನಂಗೂ ಮೊದಲನೇ ಸಲ ಕಾಲು ನಡುಗಿತ್ತಮ್ಮ. ಮೇಜು ಅಡ್ಡ ಇತ್ತು, ಯಾರಿಗೂ ಕಾಣ್ಲಿಲ್ಲ" ಎಂದರು. ಖಾಲಿ ಸಭಾಂಗಣದಲ್ಲಿ ಮೂರು ಮಧ್ಯಾಹ್ನ ಅಭ್ಯಾಸ ನಡೆಯಿತು. ಕೇಳುವವಳು ಎಜೆ ಒಬ್ಬಳೇ. ಎರಡು ಸಲ ತೂಕಡಿಸಿದಳು, ಮೂರನೆಯ ಸಲ "ಆ ಊಟೆ ಮತ್ತೆ ಉಕ್ಕುತ್ತೇನೇ?" ಎಂದು ಕೇಳಿದಳು.

ಸಮ್ಮೇಳನದ ಬೆಳಿಗ್ಗೆ ಜಿಪಾರ್ ಎಜೆಯ ಕೋಣೆಗೆ ಬಂದು ಕೂತಳು. ಎಜೆ ಅರ್ಧ ಬಟ್ಟಲು ಹಾಕಿಕೊಟ್ಟಳು. ಮತ್ತೆ ಅರ್ಧ. ಮತ್ತೆ ಅರ್ಧ. ಗಡಿಯಾರದ ಮುಳ್ಳು ಓಡುತ್ತಿತ್ತು.

"ಇನ್ನೊಂದು, ಎಜೆ."

ಎಜೆ ಅವಳ ಮುಖ ನೋಡಿದಳು. ಕೆಟಲ್ ಎತ್ತಿ ಹಾಕತೊಡಗಿದಳು. ಅರ್ಧ ದಾಟಿತು, ನಿಲ್ಲಿಸಲಿಲ್ಲ. ಅಂಚಿನವರೆಗೂ ತುಂಬಿಸಿ, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಜಿಪಾರ್ ತುಂಬಿದ ಬಟ್ಟಲನ್ನು ನೋಡಿದಳು, ಎಜೆಯನ್ನು ನೋಡಿದಳು. ಮೂರು ವಾರದಲ್ಲಿ ಮೊದಲ ಸಲ ಜೋರಾಗಿ ನಕ್ಕಳು. ಗಟಗಟ ಕುಡಿದು ಎದ್ದು ಹೊರಟಳು.

ಸಭೆಯಲ್ಲಿ ಮೂರನೆಯ ಊಟೆಯ ಹತ್ತಿರ ಬಂದಾಗ ಅವಳ ಗಂಟಲು ಮತ್ತೆ ಕಟ್ಟಿತು. ಹಿಂದಿನ ಸಾಲಿನಲ್ಲಿದ್ದ ಎಜೆ ತಲೆವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದಳು. ಜಿಪಾರ್ ಮೇಜಿನ ಮೇಲೆ ಕೈಯೂರಿದಳು. "ಒಂದ್ನಿಮಿಷ ಕೊಡಿ" ಎಂದಳು. ಉಸಿರು ಬಿಟ್ಟಳು. ಈ ಸಲ ಯಾರೂ ನಗಲಿಲ್ಲ. ಮುಂದುವರಿಸಿ ಪೂರ್ತಿ ಹೇಳಿ ಮುಗಿಸಿದಳು. ಬಹುಮಾನ ಬರಲಿಲ್ಲ. ಯಾರೋ ಕೇಳಿದ ಪ್ರಶ್ನೆಗೆ, "ಅದು ನಂಗಿನ್ನೂ ಗೊತ್ತಿಲ್ಲ. ಈ ಬೇಸಿಗೇಲಿ ಅಳೆದು ನೋಡಿ ಮುಂದಿನ ವರ್ಷ ಹೇಳ್ತೀನಿ" ಎಂದಳು. ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದಾಗ ಎಜೆ ಅತ್ತೇಬಿಟ್ಟಳು.

ಆ ಭಾನುವಾರ ಅವಳು ತಮ್ಮ ಶಾರ್ಶೆನ್‌ನನ್ನು ಮನೆಗೆ ಕರೆದಳು. ಅರ್ಧ ಬಟ್ಟಲು ಹಾಕಿಕೊಟ್ಟು ಎದುರಿಗೆ ಕೂತಳು. "ಆಗ ನಿಂಗೇನಾಗಿತ್ತೋ?" ಎಂದು ಕೇಳಿದಳು. ಮೂರು ಬಟ್ಟಲಿನವರೆಗೆ ಅವನು ಸುಮ್ಮನಿದ್ದ. ನಾಲ್ಕನೆಯದಕ್ಕೆ ಬಾಯಿ ಬಿಟ್ಟ.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ತಂದೆಯರೇ, ಮೇಷ್ಟ್ರುಗಳೇ, ಹಾಸ್ಟೆಲ್ ನೋಡಿಕೊಳ್ಳುವವರೇ, ಕಾಲೇಜಿಗೆ ಹೋಗುವ ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಗೆಳೆಯರಿಂದ ದೂರ ಕೂತರೆ, ಓದೇ ಬೇಡ ಎಂದರೆ ಸೋಮಾರಿ ಎಂದು ಗದರಬೇಡಿ. ಸಾರು ಮಾಡಿ ಕೊಡಿ, ದೃಷ್ಟಿಯನ್ನೂ ತೆಗೆಯಿರಿ, ಬೇಡ ಎನ್ನುವವರು ಯಾರು? ಜೊತೆಗೆ ಮನಸ್ಸಿನ ಮಾತು ಕೇಳುವವರ ಬಾಗಿಲವರೆಗೂ ಕರೆದುಕೊಂಡು ಹೋಗಿ. ನಿಮ್ಮ ಕಾಲೇಜಿನಲ್ಲಿ ಅಂಥ ಬಾಗಿಲು ಎಲ್ಲಿದೆ ಎಂದು ಇವತ್ತೇ ವಿಚಾರಿಸಿ. ಇಲ್ಲದಿದ್ದರೆ ಬೇಕು ಎಂದು ಕೇಳಿ. ಮಕ್ಕಳೇ, ಮೊದಲ ಸಲ ಹೋದಾಗ ಸರಿಹೋಗದಿದ್ದರೆ ಎರಡನೆಯ ಸಲ ಹೋಗಿ. ಅಲ್ಲಿ ಕೂತವರಿಗೂ ನಿಮ್ಮನ್ನು ಅರಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ನಿಮ್ಮ ಕಡೆ ಲೋಟ ತುಂಬಿಸಿ ಕೊಡುವುದೇ ಮರ್ಯಾದೆ ಇರಬಹುದು. ಹಾಗೆಯೇ ಕೊಡಿ. ಆದರೆ ಎದುರಿಗೆ ಕೂತುಕೊಳ್ಳಿ, ಏನಾಯಿತು ಎಂದು ಕೇಳಿ. ಲೋಟ ಬರಿದಾದರೆ ಮತ್ತೆ ಹಾಕಿ.